ಲೋಕ ಮುಗಿದ ಮೇಲಿನ ನಿಯಮಗಳು

ಪ್ರಳಯವಾದ ಮೇಲಿನ ಕಥೆಗಳನ್ನು ಓದುವಾಗ ನನಗೆ ಹೆದರಿಕೆಗಿಂತ ನೆಮ್ಮದಿಯೇ ಜಾಸ್ತಿ ಸಿಗುತ್ತದೆ. ಇದು ಯಾಕೆ ಅನ್ನೋದು ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಊರುಗಳು ಉರುಳಿರುತ್ತವೆ, ಆಕಾಶದ ಬಣ್ಣ ಕೆಟ್ಟಿರುತ್ತದೆ, ದಾರಿಯಲ್ಲಿ ಯಾರು ಸಿಕ್ಕರೂ ನಂಬುವ ಹಾಗಿರುವುದಿಲ್ಲ. ಆದರೂ ಪುಟ ತಿರುಗಿಸುತ್ತಾ ಹೋದ ಹಾಗೆ ಮನಸ್ಸು ಒಂದು ಹದಕ್ಕೆ ಬರುತ್ತದೆ. ಕೂತು ಯೋಚಿಸಿದಾಗ ಅನ್ನಿಸಿದ್ದು, ಆ ನೆಮ್ಮದಿ ಬರುವುದು ತಯಾರಿಯಿಂದ. ಎಷ್ಟು ಕಾಳು ಉಳಿದಿದೆ, ನೀರು ಎಲ್ಲಿದೆ, ರಾತ್ರಿ ಕಾವಲು ಯಾರದ್ದು, ಗೋಡೆಯ ಯಾವ ಮೂಲೆ ಸಡಿಲವಾಗಿದೆ. ಬದುಕಿನ ಸಾವಿರ ಗೊಂದಲಗಳು ಕಳಚಿಬಿದ್ದು, ಇವತ್ತಿನ ಮಟ್ಟಿಗೆ ಜೀವ ಉಳಿಸಿಕೊಳ್ಳಲು ಬೇಕಾದ ನಾಲ್ಕು ಕೆಲಸಗಳು ಮಾತ್ರ ಉಳಿಯುತ್ತವೆ. ಆ ನಾಲ್ಕು ಕೆಲಸವನ್ನು ಯಾರೋ ಅಚ್ಚುಕಟ್ಟಾಗಿ ಮಾಡುವುದನ್ನು ನೋಡುವುದೇ ಒಂದು ಸುಖ.

ಈ ಸುಖವನ್ನು ನನಗೆ ಕೈತುಂಬ ಕೊಟ್ಟದ್ದು, ಕೊಟ್ಟ ಮೇಲೆ ಅದನ್ನೇ ಕಿತ್ತುಕೊಂಡದ್ದು ಎನ್. ಕೆ. ಜೆಮಿಸಿನ್ ಅವರ ‘ಬ್ರೋಕನ್ ಅರ್ಥ್’ ಕಾದಂಬರಿಗಳು. 2015ರಲ್ಲಿ ‘ದಿ ಫಿಫ್ತ್ ಸೀಸನ್’, 2016ರಲ್ಲಿ ‘ದಿ ಒಬೆಲಿಸ್ಕ್ ಗೇಟ್’, 2017ರಲ್ಲಿ ‘ದಿ ಸ್ಟೋನ್ ಸ್ಕೈ’. 2016ರಿಂದ 2018ರವರೆಗೆ ಸಾಲಾಗಿ ಮೂರಕ್ಕೂ ವಿಜ್ಞಾನ ಕಥೆ, ಫ್ಯಾಂಟಸಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಅತ್ಯುತ್ತಮ ಕಾದಂಬರಿಯ ವಿಭಾಗದಲ್ಲಿ ಅದಕ್ಕೆ ಮೊದಲು ಯಾರಿಗೂ ಹೀಗೆ ಮೂರು ವರ್ಷ ಬಿಡದೆ ಸಿಕ್ಕಿರಲಿಲ್ಲ. ಪ್ರಶಸ್ತಿಯ ಮಾತು ಇಷ್ಟು ಸಾಕು. ಓದಿದವರಿಗೆ ಕಥೆ ಗೊತ್ತೇ ಇದೆ. ಇನ್ನೂ ಓದದವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕೆಲವು ಗುಟ್ಟುಗಳನ್ನು ಬಿಚ್ಚದೆ ಈ ಪುಸ್ತಕಗಳ ಬಗ್ಗೆ ಮಾತಾಡಲು ಆಗುವುದಿಲ್ಲ. ಮೂರನೆಯದರ ಕೊನೆಯನ್ನು ಮಾತ್ರ ಮುಟ್ಟುವುದಿಲ್ಲ.

ಕಲ್ಲಿನ ಮೇಲೆ ಬರೆದದ್ದು

ಇಲ್ಲಿರುವುದು ಒಂದೇ ದೊಡ್ಡ ಭೂಖಂಡ, ಹೆಸರು ‘ಸ್ಟಿಲ್‌ನೆಸ್’. ಅಲ್ಲಿ ನೆಲ ಸುಮ್ಮನಿರುವುದೇ ಇಲ್ಲ. ಭೂಕಂಪ ದಿನನಿತ್ಯದ್ದು. ಕೆಲವು ನೂರು ವರ್ಷಕ್ಕೊಮ್ಮೆ ಎಲ್ಲೋ ಒಂದು ದೊಡ್ಡ ಬಿರುಕು, ಒಂದು ದೊಡ್ಡ ಜ್ವಾಲಾಮುಖಿ. ಬೂದಿ ಆಕಾಶ ಮುಚ್ಚಿ ಚಳಿಗಾಲ ಬರುತ್ತದೆ. ಅದು ಆರು ತಿಂಗಳು ದಾಟಿದರೆ ‘ಐದನೆಯ ಋತು’. ಕೆಲವು ಸಲ ಅದು ವರ್ಷಗಟ್ಟಲೆ ನಡೆಯುತ್ತದೆ. ಮೊದಲ ಪುಸ್ತಕದ ಕೊನೆಯಲ್ಲಿ ಹಳೆಯ ಋತುಗಳ ಪಟ್ಟಿಯೇ ಇದೆ: ಉಸಿರುಗಟ್ಟಿಸಿದ ಋತು, ಆಮ್ಲದ ಋತು, ಹಲ್ಲುಗಳ ಋತು. ಒಂದರಲ್ಲಿ ಭೂಮಿಯ ಕಾಂತ ಧ್ರುವವೇ ಜಾಗ ಬದಲಿಸಿ, ಪರಾಗ ಹೊರುವ ಕೀಟಗಳೆಲ್ಲ ದಿಕ್ಕು ತಪ್ಪಿ, ಬೆಳೆಗಳು ನಾಶವಾಗಿ ಬರ ಬರುತ್ತದೆ. ಆ ಎರಡು ಸಾಲನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಅಷ್ಟು ದೊಡ್ಡ ಸಾವು, ಕಾರಣ ನೋಡಿದರೆ ಜೇನಿಗೆ ಉತ್ತರ ದಿಕ್ಕು ಸಿಗದೆ ಹೋದದ್ದು.

ಇಂಥ ನೆಲದ ಮೇಲೆ ಬದುಕುವವರು ಎಲ್ಲವನ್ನೂ ಮುಂದಿನ ಋತುವನ್ನು ಲೆಕ್ಕಕ್ಕಿಟ್ಟುಕೊಂಡೇ ಕಟ್ಟಿದ್ದಾರೆ. ಪ್ರತಿ ಊರಿಗೂ ಗೋಡೆ, ಉಗ್ರಾಣ, ಗೋಡೆಯ ಒಳಗೆ ಉಳುಮೆಗೆಂದು ಕಾದಿಟ್ಟ ಹಸಿರು ಜಾಗ. ಪ್ರತಿಯೊಬ್ಬರ ಹೆಸರಿನಲ್ಲೂ ಮೂರು ಭಾಗ: ತನ್ನ ಹೆಸರು, ಊರಿಗೆ ತಾನು ಯಾವ ಉಪಯೋಗಕ್ಕೆ, ಯಾವ ಊರು. ಮೈಕಟ್ಟಿನವರು ಒಂದು ಪಂಗಡ, ಮಕ್ಕಳನ್ನು ಹೆರುವವರು ಒಂದು, ಮುಂದಾಳುಗಳು ಒಂದು. ಎಲ್ಲರ ಮನೆಯಲ್ಲೂ ಒಂದು ಚೀಲ ಸದಾ ಸಿದ್ಧ, ಓಡಬೇಕಾದರೆ ಹೆಗಲಿಗೇರಿಸಲು. ಮಾಮೂಲಿ ದಿನಗಳಲ್ಲಿ ಸೊಪ್ಪು ತಿಂದುಕೊಂಡು ಮನೆಯಲ್ಲಿರುವ ಸಾಕುಪ್ರಾಣಿ, ಬೂದಿ ಬೀಳತೊಡಗಿದರೆ ಮಾಂಸಕ್ಕೆ ಬಾಯಿ ಹಾಕುತ್ತದೆ, ಅದೂ ಮಕ್ಕಳಿಗೂ ಗೊತ್ತು. ಇದೆಲ್ಲದರ ಮೂಲ ‘ಸ್ಟೋನ್‌ಲೋರ್’. ಕಲ್ಲಿನ ಹಲಗೆಗಳ ಮೇಲೆ ಕೊರೆದಿಟ್ಟ ಪಾಠಗಳು. ಹಿಂದೆ ಬದುಕಿ ಉಳಿದವರು ಮುಂದೆ ಬರುವವರಿಗೆ ಬರೆದಿಟ್ಟದ್ದು. ಮಕ್ಕಳು ಬಾಯಿಪಾಠ ಮಾಡುತ್ತಾರೆ, ದೊಡ್ಡವರು ಪ್ರಾಣ ಹೋದರೂ ಮೀರುವುದಿಲ್ಲ. ಅಧ್ಯಾಯಗಳ ಕೊನೆಯಲ್ಲಿ ಆ ಪಾಠಗಳ ತುಣುಕುಗಳು ಬರುತ್ತವೆ. ನನಗೆ ಅವು ಎಷ್ಟು ಹಿಡಿಸಿದವೆಂದರೆ, ಕಥೆಗಿಂತ ಮೊದಲು ಕಣ್ಣು ಅಲ್ಲಿಗೇ ಓಡುತ್ತಿತ್ತು.

ಇದೆಲ್ಲ ಪೂರ್ತಿ ಕಲ್ಪನೆಯೂ ಅಲ್ಲ. ಕ್ರಿ.ಶ. 536ರಲ್ಲಿ ಸೂರ್ಯ ಚಂದ್ರನ ಹಾಗೆ ಮಂಕಾಗಿ ಬೆಳಗಿದ ಎಂದು ಆ ಕಾಲದ ಬೈಜಾಂಟೈನ್ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿದ್ದಾನೆ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಬಿರುಕು ಬಾಯಿಬಿಟ್ಟಾಗ ಎಂಟು ತಿಂಗಳು ವಿಷಗಾಳಿ ಹೊರಬಂತು. ದನ ಕುರಿ ಸತ್ತವು, ಆಮೇಲೆ ಬಂದ ಬರಕ್ಕೆ ಆ ದೇಶದ ಐದರಲ್ಲೊಂದು ಪಾಲು ಜನ ಬಲಿಯಾದರು. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿಯಿತು. ಮರುವರ್ಷ ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿತ್ತು, ಯುರೋಪಿನಲ್ಲಿ ಬೆಳೆ ಕೈಕೊಟ್ಟಿತು. ಒಂದೆರಡು ವರ್ಷದಲ್ಲಿ ಆಕಾಶ ತಿಳಿಯಾಯಿತು, ಜನ ಮರೆತರು. ಮರೆಯಲು ಪುರುಸೊತ್ತೇ ಸಿಗದ ಜನರ ಸಮಾಜ ಹೇಗಿರುತ್ತದೆ? ಜೆಮಿಸಿನ್ ಕೇಳುವುದು ಅದನ್ನು. ಈ ಕಥೆಗೆ ಬೀಜ ಬಿದ್ದದ್ದು 2009ರಲ್ಲಿ, ನಾಸಾ ಹಣದಿಂದ ಬರಹಗಾರರಿಗಾಗಿ ನಡೆದ ಒಂದು ಖಗೋಳ ಕಾರ್ಯಾಗಾರದ ಸಮಯದಲ್ಲಿ ಎಂದು ಅವರೇ ಹೇಳಿದ್ದಾರೆ. ಜೊತೆಗೆ ಒಂದು ಕನಸು: ಸಿಟ್ಟಿನಿಂದ ತನ್ನ ಕಡೆಗೇ ನಡೆದು ಬರುತ್ತಿರುವ ಒಬ್ಬ ಹೆಂಗಸು, ಅವಳ ಹಿಂದೆ ಗಾಳಿಯಲ್ಲಿ ತೇಲುತ್ತಿರುವ ಬೆಟ್ಟ. ಅವಳಿಗೆ ಯಾಕೆ ಅಷ್ಟು ಸಿಟ್ಟು ಎಂದು ಹುಡುಕಹೊರಟದ್ದೇ ಮೂರು ಪುಸ್ತಕವಾಯಿತು.

ಅಕ್ಕ ಕೇಳಿದ್ದು

ಮೊದಲ ಪುಸ್ತಕವನ್ನು ನಾನು ಅಕ್ಕನಿಗೆ ಒತ್ತಾಯ ಮಾಡಿ ಕೊಟ್ಟೆ. ಅವಳು ಕೆಲವೇ ಪುಟ ಓದಿ ಫೋನ್ ಮಾಡಿದಳು. ಶುರುವಿನಲ್ಲೇ ಎಸುನ್ ಎಂಬ ಹೆಂಗಸು ಮನೆಗೆ ಬರುತ್ತಾಳೆ. ಇನ್ನೂ ಮೂರು ತುಂಬದ ಮಗನನ್ನು ಅವನ ಅಪ್ಪನೇ ಹೊಡೆದು ಕೊಂದಿರುತ್ತಾನೆ. ಅವಳು ಆ ಪುಟ್ಟ ದೇಹದ ಮೇಲೆ ಹೊದಿಕೆ ಹೊದಿಸುತ್ತಾಳೆ. ಮುಖವನ್ನು ಮಾತ್ರ ಮುಚ್ಚುವುದಿಲ್ಲ. ಯಾಕೆಂದರೆ ಮಗುವಿಗೆ ಕತ್ತಲೆ ಅಂದರೆ ಭಯ. ಅದೇ ಹೊತ್ತಿಗೆ ಉತ್ತರದಲ್ಲಿ ಭೂಖಂಡವೇ ಸೀಳಿ, ಸಾವಿರಾರು ವರ್ಷ ಮುಗಿಯದಂಥ ಋತು ಶುರುವಾಗಿರುತ್ತದೆ. ಎಸುನ್‌ಗೆ ಅದರ ಪರಿವೆಯೇ ಇಲ್ಲ. ಎರಡು ದಿನ ಮಗುವಿನ ಪಕ್ಕ ಕೂತಿರುತ್ತಾಳೆ.

“ಆ ಹೊದಿಕೆ ಸಾಲಿನಿಂದ ಮುಂದಕ್ಕೆ ನನ್ನ ಕೈಲಿ ಓದೋಕಾಗಲ್ಲ ಕಣೇ,” ಅಂದಳು ಅಕ್ಕ. ಅವಳ ಮಗನಿಗೂ ಆಗ ಹೆಚ್ಚುಕಮ್ಮಿ ಅದೇ ವಯಸ್ಸು. ನಾನು ಸಮಾಧಾನ ಮಾಡಲು ಹೋದೆ. ಮುಂದೆ ಆ ಲೋಕ ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ಗೊತ್ತಾ, ಗೋಡೆ, ಉಗ್ರಾಣ, ಕಲ್ಲಿನ ಪಾಠ ಅಂತೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು. “ಆ ಅಪ್ಪ ಯಾಕೆ ಕೊಂದ?” ಮಗು ಒರೊಜೀನ್ ಅಂತ ಗೊತ್ತಾಯ್ತು, ಅವರಿಗೆ ಭೂಮಿಯನ್ನ ಅಲುಗಿಸೋ ಶಕ್ತಿ ಇರುತ್ತೆ, ಊರಿಗೆ ಅಪಾಯ ಅಂತ ಎಲ್ಲರಿಗೂ ಚಿಕ್ಕಂದಿನಿಂದ ಹೇಳಿಕೊಟ್ಟಿರ್ತಾರೆ ಅಂದೆ. “ಹಂಗಾದ್ರೆ ಅದೂ ನಿನ್ನ ಪಾಠದಲ್ಲೇ ಇತ್ತು ಅಲ್ವಾ? ಅವನು ಪಾಠ ಸರಿಯಾಗೇ ಕಲ್ತಿದ್ದ,” ಅಂದಳು.

ಅಕ್ಕ ಆ ಪುಸ್ತಕವನ್ನು ಮುಂದೆ ಓದಲಿಲ್ಲ. ಆದರೆ ಮೂರೂ ಪುಸ್ತಕದ ನಡುಮೂಳೆ ಎಲ್ಲಿದೆ ಎಂದು ಅವಳಿಗೆ ಅಷ್ಟರಲ್ಲೇ ಸಿಕ್ಕಿತ್ತು. ನಾನು ಎರಡನೇ ಸಲ ಓದಿದ್ದು ಅವಳ ಆ ಮಾತನ್ನು ಇಟ್ಟುಕೊಂಡು.

ಹಾಗೆ ಓದಿದಾಗ ಒಂದು ಜಾಗದಲ್ಲಿ ನಿಂತುಬಿಟ್ಟೆ. ದಮಾಯಾ ಎಂಬ ಹುಡುಗಿ ಒರೊಜೀನ್ ಎಂದು ತಿಳಿದು ಅಪ್ಪ ಅಮ್ಮ ಅವಳನ್ನು ಕೊಟ್ಟಿಗೆಯಲ್ಲಿ ಕೂಡಿಹಾಕಿರುತ್ತಾರೆ. ಒರೊಜೀನ್ ಜನರನ್ನು ಹತೋಟಿಯಲ್ಲಿಡುವ ಕಾವಲುಗಾರರಿಗೆ ಗಾರ್ಡಿಯನ್ ಎಂದು ಹೆಸರು; ಶಾಫಾ ಎಂಬ ಅಂಥ ಒಬ್ಬ ಬಂದು ಕರೆದುಕೊಂಡು ಹೋಗುತ್ತಾನೆ. ಕುದುರೆಯ ಮೇಲೆ ಅವಳನ್ನು ಮುಂದೆ ಕೂರಿಸಿಕೊಂಡು ಒಂದು ಕಥೆ ಹೇಳುತ್ತಾನೆ. ಮಿಸಾಲೆಮ್ ಎಂಬ ದುಷ್ಟ ಒರೊಜೀನ್ ಚಕ್ರವರ್ತಿಯನ್ನು ಕೊಲ್ಲಲು ಬಂದದ್ದು, ಶೆಮ್‌ಶೆನಾ ಎಂಬ ವೀರಳು ಅವನನ್ನು ಸೋಲಿಸಿದ್ದು. ಮಕ್ಕಳಿಗೆಲ್ಲ ಗೊತ್ತಿರುವ ಕಥೆ. ಕಥೆ ಹೇಳುತ್ತಾ ಹೇಳುತ್ತಾ ಅವನು ಆ ಹುಡುಗಿಯ ಕೈಯ ಮೂಳೆ ಮುರಿಯುತ್ತಾನೆ. ನೋವಿನಲ್ಲೂ ಶಕ್ತಿಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳುತ್ತಾಳಾ ಎಂಬ ಪರೀಕ್ಷೆ. ದನಿ ಏರುವುದಿಲ್ಲ. ನಿನ್ನ ಮೇಲೆ ನನಗೆ ಪ್ರೀತಿಯಿದೆ ಅನ್ನುತ್ತಾನೆ, ಅದು ಸುಳ್ಳೂ ಅಲ್ಲ. ಬಹಳ ಪುಟಗಳಾದ ಮೇಲೆ ಅದೇ ಮಿಸಾಲೆಮ್ ಕಥೆಯನ್ನು ಇನ್ನೊಬ್ಬ ಒರೊಜೀನ್, ಅಲಬಾಸ್ಟರ್, ಬೇರೆ ಕಡೆಯಿಂದ ಹೇಳುತ್ತಾನೆ. ಚಕ್ರವರ್ತಿಯ ಕಡೆಯವರು ಮಿಸಾಲೆಮ್‌ನ ಕುಟುಂಬವನ್ನು ಕೊಂದಿದ್ದರು. ಆ ಒಂದು ವಿಷಯ ಮಕ್ಕಳ ಕಥೆಯಿಂದ ಬಿಟ್ಟುಹೋಗಿದೆ. ಹೊಸದಾಗಿ ಸೇರಿಸಿದ್ದು ಏನೂ ಇಲ್ಲ, ಬಿಟ್ಟದ್ದು ಅಷ್ಟೇ. ಅಷ್ಟು ಬಿಟ್ಟಿದ್ದಕ್ಕೆ ಒಂದು ಕುಲವೇ ರಾಕ್ಷಸರಾಯಿತು.

ಕುರ್ಚಿ

ಮೂರು ಪುಸ್ತಕದಲ್ಲಿ ನನ್ನನ್ನು ಅತ್ಯಂತ ಕಾಡಿದ್ದು ಒಂದು ಕೋಣೆ. ಸೈನೈಟ್ ಎಂಬ ತರಬೇತಾದ ಒರೊಜೀನ್ ಅಲಬಾಸ್ಟರ್‌ನ ಜೊತೆ ಪ್ರಯಾಣದಲ್ಲಿರುತ್ತಾಳೆ. ಒಂದು ಬಂದರಿನಲ್ಲಿ ಬೆಳೆದ ಹವಳ ತೆಗೆಯುವುದು ಕೆಲಸ, ಅವನಿಂದ ಒಂದು ಮಗು ಪಡೆಯುವುದು ಮೇಲಿನವರ ಇನ್ನೊಂದು ಅಪ್ಪಣೆ. ಇಬ್ಬರಿಗೂ ಅದು ಬೇಕಿಲ್ಲ, ಆದರೆ ಇಲ್ಲ ಅನ್ನುವ ಹಾಗಿಲ್ಲ. ರಾಜರಸ್ತೆಗಳ ಉದ್ದಕ್ಕೂ ‘ನೋಡ್’ ಎಂಬ ಠಾಣೆಗಳಿವೆ. ಪ್ರತಿಯೊಂದರಲ್ಲೂ ಒಬ್ಬ ಒರೊಜೀನ್ ಇದ್ದು ಸುತ್ತಲಿನ ನಡುಕಗಳನ್ನು ಅಡಗಿಸುತ್ತಾ ಇರುತ್ತಾನೆ. ಸೈನೈಟ್ ಅದನ್ನು ಬೇಜಾರಿನ ನೌಕರಿ ಅಂದುಕೊಂಡಿದ್ದವಳು. ದಾರಿಯಲ್ಲಿ ಒಂದು ಠಾಣೆಯಿಂದ ವಿಪರೀತ ಶಕ್ತಿ ಹೊರಬಿದ್ದು ದೊಡ್ಡ ಅನಾಹುತ ಕೂದಲೆಳೆಯಲ್ಲಿ ತಪ್ಪುತ್ತದೆ. ಏನಾಯಿತೆಂದು ನೋಡಲು ಒಳಗೆ ಹೋಗುತ್ತಾರೆ. ತಂತಿಯ ಕುರ್ಚಿ. ಅದರಲ್ಲಿ ಒಂದು ಮಗು, ಸತ್ತಿದೆ. ಬಡಕಲು ಮೈ, ನಳಿಕೆಗಳು. ಮಿದುಳಿಗೆ ಕೈ ಹಾಕಿ, ಸ್ವಂತ ಇಚ್ಛೆಯನ್ನೆಲ್ಲ ತೆಗೆದು, ನಡುಕ ಬಂದರೆ ಅಡಗಿಸುವ ಸಹಜ ಪ್ರವೃತ್ತಿಯೊಂದನ್ನು ಮಾತ್ರ ಉಳಿಸಿಕೊಂಡಿದ್ದಾರೆ. ತಾನು ಹೆರಬೇಕಾದ ಮಗುವೂ ನಾಳೆ ಇಂಥದ್ದೇ ಕುರ್ಚಿಯಲ್ಲಿ ಕೂರಬಹುದು ಎಂದು ಸೈನೈಟ್‌ಗೆ ಅರ್ಥವಾಗುತ್ತದೆ.

ಅಷ್ಟರವರೆಗೆ ನಾನು ಮೆಚ್ಚಿಕೊಂಡಿದ್ದೆಲ್ಲ ಆ ಕುರ್ಚಿಯ ಮೇಲೆ ನಿಂತಿತ್ತು. ಗಟ್ಟಿ ಗೋಡೆ, ನೇರ ರಸ್ತೆ, ರಾಜಧಾನಿ ಯುಮೆನೆಸ್‌ನಲ್ಲಿ ಭಯವಿಲ್ಲದೆ ಎತ್ತರಕ್ಕೆ ಕಟ್ಟಿದ ಮನೆಗಳು. ನೆಲ ನಡುಗುವ ದೇಶದಲ್ಲಿ ಆ ನಗರ ಹೇಗೆ ನಿಂತಿದೆ ಎಂಬ ಪ್ರಶ್ನೆ ಹತ್ತಾರು ಪುಟದಿಂದ ನನ್ನ ಮುಂದೆಯೇ ಇತ್ತು. ಲೇಖಕಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಇದೇ ಈ ಪುಸ್ತಕಗಳ ದೊಡ್ಡ ಸೆಳೆತ ಎಂದು ನನಗನ್ನಿಸುವುದು. ಬೇರೆ ಕಥೆಗಳಲ್ಲಿ ನಾಯಕ ಲೋಕವನ್ನು ಉಳಿಸಲು ಓಡುತ್ತಾನೆ, ನಾವೂ ಜೊತೆಗೆ ಓಡುತ್ತೇವೆ. ಇಲ್ಲಿ ಯುಮೆನೆಸ್ ಬಿರುಕಿನಲ್ಲಿ ಮುಳುಗಿದ್ದು ಮೊದಲ ಪುಟಗಳಲ್ಲೇ ಗೊತ್ತಾಗಿರುತ್ತದೆ. ಕುರ್ಚಿ ನೋಡಿದ ಮೇಲೆ ಆ ಪುಟಗಳಿಗೆ ವಾಪಸ್ ಹೋದರೆ, ನಗರವನ್ನು ಸೀಳಿದವನ ಮೇಲೆ ಸಿಟ್ಟು ಬರುವುದಿಲ್ಲ. ಲಕ್ಷಾಂತರ ಜನ ಸತ್ತಿದ್ದಾರೆ, ಅವರಲ್ಲಿ ಎಷ್ಟೋ ಮಕ್ಕಳು. ಆದರೂ ಬರುವುದಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು, ಈಗಲೂ ಹುಟ್ಟಿಸುತ್ತದೆ.

ಅದಾದ ಮೇಲೆ ಕಲ್ಲಿನ ಪಾಠವೂ ಅಲುಗಾಡತೊಡಗುತ್ತದೆ. ಸ್ಟೋನ್‌ಲೋರ್ ಯಾವಾಗಲೂ ಬದಲಾಗುತ್ತಲೇ ಇರುತ್ತದೆ ಎಂದು ಅಲಬಾಸ್ಟರ್ ಸೈನೈಟ್‌ಗೆ ಹೇಳುತ್ತಾನೆ. ಆಯಾ ಕಾಲದವರು ತಮಗೆ ಬೇಕಾದ್ದನ್ನು ಸೇರಿಸಿದ್ದಾರೆ, ಬೇಡದ್ದನ್ನು ಹಾಳಾಗಲು ಬಿಟ್ಟಿದ್ದಾರೆ. ಎರಡನೆಯ ಹಲಗೆ ಅಷ್ಟು ಕೆಟ್ಟುಹೋಗಿರುವುದು ಸುಮ್ನೆ ಅಲ್ಲ. ಮೊದಲ ಪುಸ್ತಕದ ಕೊನೆಗೆ ಅವನು ಎಸುನ್‌ಗೆ ಒಂದು ಪ್ರಶ್ನೆ ಕೇಳುತ್ತಾನೆ: ಚಂದ್ರ ಅಂತ ಒಂದಿತ್ತು, ಕೇಳಿದ್ದೀಯಾ? ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ನಾನು ತಕ್ಷಣ ಹಿಂದಕ್ಕೆ ಪುಟ ತಿರುಗಿಸಿದೆ. ರಾತ್ರಿಯ ದೃಶ್ಯ ಎಷ್ಟೊಂದಿವೆ, ಪಯಣಗಳು, ಬೆಂಕಿಯ ಸುತ್ತ ಕೂತ ಮಾತುಗಳು. ಎಲ್ಲೂ ಚಂದ್ರ ಇಲ್ಲ. ನಕ್ಷತ್ರ ಇದೆ, ಚಂದ್ರ ಇಲ್ಲ. ಒಂದಿಡೀ ಪುಸ್ತಕದಷ್ಟು ಹೊತ್ತು ಆ ಆಕಾಶದ ಕೆಳಗೆ ಇದ್ದೂ ನನಗೆ ಏನೂ ಕೊರತೆ ಕಂಡಿರಲಿಲ್ಲ. ಆ ಜನರಿಗೆ ಸಾವಿರಾರು ವರ್ಷ ಹೇಗೆ ಕಾಣದೆ ಹೋಯಿತು ಅನ್ನೋದಕ್ಕೆ ಬೇರೆ ವಿವರಣೆಯೇ ಬೇಡವಾಯಿತು.

ಒಬ್ಬಳಲ್ಲಿ ಎಷ್ಟು ಜನ

ದಮಾಯಾ, ಸೈನೈಟ್, ಎಸುನ್. ಮೂರು ಎಳೆ, ಮೂವರು ಹೆಂಗಸರು ಅಂದುಕೊಂಡು ಓದುತ್ತಾ ಹೋಗುತ್ತೇವೆ. ಮೂವರೂ ಒಬ್ಬಳೇ. ಇದನ್ನು ಬರೀ ಚಮತ್ಕಾರ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅವಳ ಬದುಕು ಪ್ರತಿ ಸಲ ಪೂರ್ತಿ ಮುಗಿದಿದೆ. ಪ್ರತಿ ಸಲ ಹಳೆಯ ಹೆಸರನ್ನು ಅಲ್ಲೇ ಬಿಟ್ಟು, ಹೊಸ ಹೆಸರಿಟ್ಟುಕೊಂಡು, ಹಿಂದಿನವಳು ತನಗೆ ಗೊತ್ತೇ ಇಲ್ಲ ಎಂಬಂತೆ ಎದ್ದು ನಡೆದಿದ್ದಾಳೆ. ಎಸುನ್ ಭಾಗವನ್ನು ‘ನೀನು’ ಎಂದು ಕರೆದೇ ಹೇಳಿರುವುದು ಅದಕ್ಕೇ ಹೊಂದುತ್ತದೆ. ಅವಳಿಗೆ ತಾನು ಯಾರು ಎಂದು ಬೇರೊಬ್ಬರು ನೆನಪಿಸಿ ಹೇಳಬೇಕು.

ಸೈನೈಟ್ ಆಗಿದ್ದಾಗ ಅವಳು ಒಂದು ದ್ವೀಪದಲ್ಲಿ ಕೆಲಕಾಲ ಸುಖವಾಗಿದ್ದಳು. ಗಾರ್ಡಿಯನ್‌ಗಳು ಹುಡುಕಿಕೊಂಡು ಬಂದಾಗ, ಮಗ ಅವರ ಕೈಗೆ ಸಿಗಬಾರದೆಂದು ತಾನೇ ಅವನ ಉಸಿರು ನಿಲ್ಲಿಸುತ್ತಾಳೆ. ಆ ಕುರ್ಚಿಯನ್ನು ನೋಡಿದ ತಾಯಿ ಅವಳು. ಇದನ್ನು ಓದುವಾಗ 1856ರ ಮಾರ್ಗರೆಟ್ ಗಾರ್ನರ್ ನೆನಪಾಗದೆ ಇರುವುದಿಲ್ಲ. ಅಮೆರಿಕದ ಕೆಂಟಕಿಯಲ್ಲಿ ಗುಲಾಮಳಾಗಿದ್ದ ಆಕೆ ಹೆಪ್ಪುಗಟ್ಟಿದ ಓಹಾಯೋ ನದಿ ದಾಟಿ ಓಡಿಬಂದಳು. ಹಿಡಿಯಲು ಬಂದವರು ಮನೆ ಸುತ್ತುವರಿದಾಗ ಪುಟ್ಟ ಮಗಳನ್ನು ಕೊಂದಳು, ಗುಲಾಮಗಿರಿಗೆ ವಾಪಸ್ ಕಳಿಸಲು ಮನಸ್ಸು ಬರದೆ. ಜೆಮಿಸಿನ್ ಕಪ್ಪು ಅಮೆರಿಕನ್ ಲೇಖಕಿ. ಲೋಕ ಮುಗಿಯುವುದು ಅವರ ಜನಕ್ಕೆ ಮುಂದೆಂದೋ ಬರುವ ಭಯವಾಗಿರಲಿಲ್ಲ. ಅದು ಅವರ ಅಜ್ಜಿಯಂದಿರಿಗೆ ಆಗಿಹೋಗಿತ್ತು. ಅದಾದ ಮೇಲೂ ಮಕ್ಕಳನ್ನು ಹೆತ್ತು, ಸಾಕಿ, ಮುಂದಕ್ಕೆ ಬಂದವರು ಅವರು. ಪ್ರಳಯದ ನಂತರದ ಬದುಕಿನ ಬಗ್ಗೆ ಈ ಪುಸ್ತಕಗಳಿಗಿರುವ ಖಚಿತತೆ ಅಲ್ಲಿಂದ ಬಂದದ್ದು ಎಂದೇ ನಾನು ನಂಬಿದ್ದೇನೆ.

ಇಷ್ಟು ಕಷ್ಟದ ಪುಸ್ತಕಕ್ಕೆ ಯಾಕೆ ಮತ್ತೆ ಮತ್ತೆ ಹೋಗುತ್ತೇನೆ? ಎರಡನೆಯ ಭಾಗದ ಕಸ್ಟ್ರಿಮಾ ಅದಕ್ಕೆ ಕಾರಣ. ಭೂಮಿಯೊಳಗೆ, ಹರಳುಗಳು ಚುಚ್ಚಿಕೊಂಡಿರುವ ಒಂದು ದೊಡ್ಡ ಟೊಳ್ಳುಕಲ್ಲಿನಲ್ಲಿ ಊರು. ಅಲ್ಲಿನ ಗಾಳಿ, ನೀರು, ಬೆಳಕು ನಡೆಯುವುದು ಒರೊಜೀನ್‌ಗಳು ಇದ್ದರೆ ಮಾತ್ರ. ಊರಿನ ಮುಂದಾಳು ಯಿಕಾ ತಾನೇ ಒರೊಜೀನ್, ಮುಚ್ಚುಮರೆಯಿಲ್ಲದೆ. ಎಲ್ಲರೂ ಕೂಡಿ ಬದುಕಬಹುದಾ ಎಂದು ನೋಡುತ್ತಿರುವ ಊರು. ಉಗ್ರಾಣದ ಲೆಕ್ಕ ಇಲ್ಲೂ ಇದೆ. ಮಾಂಸ ಮುಗಿಯುತ್ತಾ ಬಂದಾಗ ಮುಂದೇನು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡದೆ ಎಲ್ಲರೂ ಯೋಚಿಸುತ್ತಿರುತ್ತಾರೆ. ಆಗ ರೆನಾನಿಸ್ ಎಂಬ ನಗರದ ಸೈನ್ಯ ಬಂದು ನಿಂತು ಹೇಳಿಕಳಿಸುತ್ತದೆ: ನಿಮ್ಮನ್ನು ಸೇರಿಸಿಕೊಳ್ಳುತ್ತೇವೆ, ಒರೊಜೀನ್‌ಗಳನ್ನು ಬಿಟ್ಟು. ಊರು ಮತಕ್ಕೆ ಹಾಕಲು ಹೊರಡುತ್ತದೆ. ಎಲ್ಲ ಕ್ರಮಬದ್ಧವಾಗಿಯೇ ನಡೆಯುತ್ತಿರುತ್ತದೆ. ಎಸುನ್ ಆ ಮತಗಳನ್ನೇ ಪುಡಿಪುಡಿ ಮಾಡುತ್ತಾಳೆ. ಯಾರು ಮನುಷ್ಯರು ಅನ್ನೋದಕ್ಕೆ ಮತ ಹಾಕುವ ಹಾಗಿಲ್ಲ ಅನ್ನುತ್ತಾಳೆ.

ಆ ಜಾಗ ಓದಿದಾಗ ನನ್ನ ಗಂಟಲು ಕಟ್ಟಿತು. ಬದುಕಿ ಉಳಿಯುವ ಲೆಕ್ಕಾಚಾರಕ್ಕೆ ಮೊದಲ ಸಲ ಯಾರೋ ಒಬ್ಬರು ಗೆರೆ ಎಳೆದಿದ್ದರು. ಇದನ್ನು ಮಾತ್ರ ತಕ್ಕಡಿಗೆ ಹಾಕಬೇಡಿ ಎಂದು. ಜೆಮಿಸಿನ್ ಅದಕ್ಕೆ ಬಹುಮಾನವನ್ನೇನೂ ಕೊಡುವುದಿಲ್ಲ. ರೆನಾನಿಸ್ ಸೋಲುತ್ತದೆ, ಆದರೆ ಆ ಕಾಳಗದಲ್ಲಿ ಕಸ್ಟ್ರಿಮಾದ ಹರಳುಗಳ ಊರು ಹಾಳಾಗಿ ಇನ್ನು ವಾಸಕ್ಕೆ ಬರದಂತಾಗುತ್ತದೆ. ಎಲ್ಲರೂ ಬೂದಿ ಬೀಳುವ ಬಯಲಿಗೆ ಬೀಳುತ್ತಾರೆ. ಖಾಲಿಯಾದ ರೆನಾನಿಸ್ ತಲುಪಲು ಮರುಭೂಮಿ ದಾಟಬೇಕು, ದಾಟುವಾಗ ಬಹಳ ಜನ ಸಾಯುತ್ತಾರೆ. ಆ ಸಾಲಿನಲ್ಲಿ ಒರೊಜೀನ್‌ಗಳಿದ್ದಾರೆ, ಅವರನ್ನು ಬಿಟ್ಟುಕೊಡಲು ಮತ ಹಾಕಬೇಕೆಂದಿದ್ದವರೂ ಇದ್ದಾರೆ, ಹಂಚಿಕೊಳ್ಳುತ್ತಿರುವುದು ಒಂದೇ ನೀರು. ಯಿಕಾ ಇಬ್ಬರನ್ನೂ ಬೈಯುತ್ತಾ, ಇಬ್ಬರನ್ನೂ ನಡೆಸುತ್ತಾ ಹೋಗುತ್ತಾಳೆ. ಆಕಾಶದಲ್ಲಿ ತೇಲುವ ದೊಡ್ಡ ಹರಳುಕಂಬಗಳಾದ ಒಬೆಲಿಸ್ಕ್‌ಗಳು, ಚಂದ್ರನನ್ನು ವಾಪಸ್ ಹಿಡಿದು ತರುವ ಸಾಹಸ, ಅದೆಲ್ಲ ರೋಮಾಂಚನವೇ. ಆದರೆ ನಾನು ಮೂರನೆಯ ಪುಸ್ತಕ ತೆರೆಯುವುದು ಹೆಚ್ಚಾಗಿ ಆ ಮರುಭೂಮಿಯ ಅಧ್ಯಾಯಗಳಿಗಾಗಿ.